ನನ್ನ ಹೆಸರಿನಲ್ಲಿ ಉಪವಾಸ

ಇಂಚಿಯೋನ್
6 ಫೆಬ್ರುವರಿ 2017

ಅಮ್ಮ,

ನನ್ನ ಕೈಬರಹದ ಲಕೋಟೆ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಯಾರಿಗೂ ಏನೂ ಆಗಿಲ್ಲ. ಹಲ್ಲಿನ ಸೆಟ್ಟು ಮಾಡುವ ನನ್ನ ಕೆಲಸವೂ ಹೋಗಿಲ್ಲ. ಮೀನಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಓದಬೇಡ, ಮನೆಗೆ ಹೋಗಿ ಕೂತು ಓದು.

ಹೊಸ ವರ್ಷದ ಹಬ್ಬದ ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಎರಡು ತಟ್ಟೆ ಅಕ್ಕಿ ಕಡುಬು ಕಾಣೆಯಾಗಿತ್ತಲ್ಲ, ಅದನ್ನು ತಿಂದದ್ದು ಮಾಲ್ಜಾ ದೊಡ್ಡಮ್ಮ ಅಲ್ಲ. ನಾನು.

ಶನಿವಾರ ಮಧ್ಯಾಹ್ನ ದೊಡ್ಡ ಸೌಟು ತರಲು ನೀನೇ ಬೀಗದ ಕೈ ಕೊಟ್ಟು ಕಳಿಸಿದ್ದೆ. ಕಡುಬಿನ ಮೇಲಿನ ಬಟ್ಟೆ ಸರಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಆಮೇಲೆ ಕೋಟನ್ನೂ ಬಿಚ್ಚದೆ ನಿಂತಲ್ಲೇ ಎರಡೂ ತಟ್ಟೆ ಮುಗಿಸಿದೆ. ಹಸಿವಿರಲಿಲ್ಲ ಅಮ್ಮ. ರುಚಿಯೂ ಗೊತ್ತಾಗಲಿಲ್ಲ. ತಟ್ಟೆ ತೊಳೆದು, ಒರೆಸಿ, ಜಾಗದಲ್ಲಿಟ್ಟು, ಸೌಟು ತಂದು ನಿನ್ನ ಕೈಗೆ ಕೊಟ್ಟೆ. ಮರುದಿನ ನೀನು ಹನ್ನೆರಡು ಹೆಂಗಸರ ಎದುರು, "ಉಳಿದಿದ್ದನ್ನ ಮನೆಗ್ ಹೊತ್ಕೊಂಡ್ ಹೋಗೋ ಚಾಳಿ ನಿಂಗೆ ಯಾವತ್ತೂ ಹೋಗಲ್ವಲ್ಲ ಅಕ್ಕ" ಎಂದು ಮಾಲ್ಜಾ ದೊಡ್ಡಮ್ಮನನ್ನು ಹಂಗಿಸಿದೆ. ಅವರು ಕಿವಿಯವರೆಗೂ ಕೆಂಪಾಗಿ ಸಾರು ಬಡಿಸುತ್ತಿದ್ದರು. ನಾನು ಪಕ್ಕದಲ್ಲೇ ಸೌಟು ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಇದು ಒಂದು ದಿನದ ಕಥೆಯಲ್ಲ. ಹದಿನೇಳು ವರ್ಷದವಳಿದ್ದಾಗಿನಿಂದ ಹೀಗೇ. ಎರಡು ದಿನ ಏನೂ ತಿನ್ನದೆ ಇರುತ್ತೇನೆ. ಮೂರನೆಯ ದಿನ, ಅಂಗಡಿಯವರಿಗೆ ಅನುಮಾನ ಬರಬಾರದೆಂದು ಮೂರು ಬೇರೆ ಬೇರೆ ಅಂಗಡಿಗಳಿಂದ ತಂದು, ಬಾಗಿಲು ಹಾಕಿಕೊಂಡು, ನಿಲ್ಲಿಸಲಾಗದೆ ತಿನ್ನುತ್ತೇನೆ. ಆಮೇಲೆ ದೇವರ ಕಾಲು ಹಿಡಿದು ಅಳುತ್ತೇನೆ. ನಾಳೆಯಿಂದ ಮುಟ್ಟುವುದಿಲ್ಲ ಎಂದು ಆಣೆ ಇಡುತ್ತೇನೆ.

ಫೋನು ಮಾಡಬೇಡ. ಫೋನೆತ್ತಿದ ಕೂಡಲೇ ನೀನು ಕೇಳುವುದು "ಊಟ ಆಯ್ತಾ" ಎಂದು. ಆಯ್ತು ಎಂದೂ ಸುಳ್ಳು ಹೇಳಿದ್ದೇನೆ, ಇನ್ನೂ ಇಲ್ಲ ಎಂದೂ ಸುಳ್ಳು ಹೇಳಿದ್ದೇನೆ. ಕಾಗದದಲ್ಲಾದರೆ ಸುಳ್ಳು ಹೇಳುವ ಮೊದಲು ಯೋಚಿಸಲು ಸಮಯ ಸಿಗುತ್ತದೆ.

ಮಾಲ್ಜಾ ದೊಡ್ಡಮ್ಮನ ವಿಷಯಕ್ಕೆ ಬರೆಯಲೇಬೇಕಾಯಿತು. ಇಲ್ಲದಿದ್ದರೆ ಹೇಳುತ್ತಿರಲಿಲ್ಲ.

ದಾಸೊಲ್


ಗುನ್ಸಾನ್
12 ಫೆಬ್ರುವರಿ 2017

ಮಗಳೇ ದಾಸೊಲ್,

ಓದಿದೆ. ಎರಡನೆಯ ಸಲ ಕನ್ನಡಕ ಹಾಕಿಕೊಂಡು ಓದಿದೆ. ಮೊದಲ ಸಲ ಓದಿದ್ದು ತಪ್ಪಿರಬಹುದೆಂಬ ಆಸೆ.

ಎರಡು ತಟ್ಟೆ ಎಂದರೆ ಅರವತ್ತು ಜನರಿಗೆ ಒಂದೊಂದು ತುಂಡು. ಸೋಯಾ ಕಾಳು ಹುರಿದು, ಬೀಸಿ, ಆ ಹಿಟ್ಟಿನಲ್ಲಿ ಹೊರಳಿಸಿದ್ದು ಈ ಕೈಗಳೇ. ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಭಯವಾಯಿತು. ಅಷ್ಟು ಅಂಟು ಕಡುಬು ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ಗತಿ ಏನು? ಬಾಗಿಲು ಹಾಕಿದ ಅಡುಗೆಮನೆಯಲ್ಲಿ ನೀನು ಒಬ್ಬಳೇ. ಅದು ನೆನಪಾದಾಗಲೆಲ್ಲ ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ. ನಿನ್ನಪ್ಪನಿಗೆ ಹೇಳಿಲ್ಲ. ಹೇಳಿದರೆ, "ತಿನ್ನೋ ವಯಸ್ಸು, ತಿನ್ಲಿ ಬಿಡೆ" ಎಂದು ಟಿವಿ ಕಡೆ ತಿರುಗುತ್ತಾರೆ.

ನಿನಗೆ ಏನು ಕಡಿಮೆ ಮಾಡಿದ್ದೆ? ಹಸಿವಿಲ್ಲದೆ ತಿನ್ನುವುದೆಂದರೇನು? ನನ್ನ ತಲೆಗೆ ಹೋಗುವುದಿಲ್ಲ ಮಗಳೇ. ಹಬ್ಬಕ್ಕೆ ಬಂದಾಗ, "ಮುಖ ಹುಣ್ಣಿಮೆ ಚಂದ್ರ ಆಗಿದ್ಯಲ್ಲೇ, ಯಾವ ಗಂಡು ಒಪ್ತಾನೆ" ಎಂದು ನಿನ್ನನ್ನು ರೇಗಿಸಿದೆ. ಅದಕ್ಕೆ ಹೀಗಾಯಿತೆ? ಅಷ್ಟಕ್ಕೆ ಆಗುತ್ತದೆಯೆ?

ದೇವರಿಗೆ ಒಪ್ಪಿಸಿಬಿಡು. ಹೊಟ್ಟೆಬಾಕತನಕ್ಕೂ ಒಂದು ದುರಾತ್ಮ ಇರುತ್ತದೆ ಎಂದು ಪಾಸ್ಟರ್ ಹೇಳಿದ್ದು ನೆನಪಿದೆಯಲ್ಲ. ಹಟ ಹಿಡಿದು ಪ್ರಾರ್ಥಿಸಿದರೆ ಬಿಟ್ಟು ಹೋಗುತ್ತದೆ. ನಿನ್ನಮ್ಮ ಹಟದಲ್ಲಿ ಯಾರಿಗೂ ಕಡಿಮೆಯಿಲ್ಲ.

ಮಾಲ್ಜಾ ಅಕ್ಕನಿಗೆ ಏನು ಹೇಳಲಿ? ಆಕೆ ಈಗಲೂ ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚಿಕೊಡುತ್ತಾಳೆ, ನನ್ನ ಮುಖ ನೋಡುವುದಿಲ್ಲ. ನಿನ್ನ ಹೆಸರು ಹೇಳದೆ ಹೇಗೆ ಕ್ಷಮೆ ಕೇಳಲಿ?

ಬೇಗ ಬರೆ.

ನಿನ್ನ ಅಮ್ಮ,
ಯಾಂಗ್ ಸುನಿಮ್


ಇಂಚಿಯೋನ್
19 ಫೆಬ್ರುವರಿ 2017

ಅಮ್ಮ,

ಮಾಲ್ಜಾ ದೊಡ್ಡಮ್ಮನಿಗೆ ನನ್ನ ಹೆಸರು ಹೇಳಿಯೇ ಕ್ಷಮೆ ಕೇಳು. ಅವರೊಬ್ಬರಿಗೆ ಮಾತ್ರ. ಮತ್ತೆ ಯಾರಿಗೂ ಹೇಳಬೇಡ. ನನ್ನ ಗೆಳತಿ ಬೋಬೆಗೂ ಬೇಡ. ಅವಳ ಬಾಯಿಗೂ ವಾರದ ಚರ್ಚು ಪತ್ರಿಕೆಗೂ ಹೆಚ್ಚು ದೂರವಿಲ್ಲ, ಅದನ್ನು ಟೈಪು ಮಾಡುವವಳೇ ಅವಳು.

ನೀನು ಏನು ಕಡಿಮೆ ಮಾಡಿದೆ ಎಂದು ಕೇಳಬೇಡ. ನನಗೂ ಗೊತ್ತಿದ್ದರೆ ಇಷ್ಟು ವರ್ಷ ಆಗುತ್ತಿರಲಿಲ್ಲ. ನಿನಗೆ ಹೇಳಿದ ಮೇಲೆ ಒಂದು ವಾರ ಸ್ವಲ್ಪ ಹಗುರವಾಗಿದ್ದೆ. ಅದು ಉಳಿಯಲಿ.

ದಾಸೊಲ್


ಗುನ್ಸಾನ್
4 ಮಾರ್ಚ್ 2017

ನನ್ನ ಮುದ್ದು ದಾಸೊಲ್,

ಸ್ತೋತ್ರ! ದೇವರು ಎಷ್ಟು ದೊಡ್ಡವನು ಎಂದು ಹೇಗೆ ಬರೆಯಲಿ.

ಮಾಲ್ಜಾ ಅಕ್ಕನ ಮನೆಗೆ ಹೋಗಿ ಬಾಗಿಲಲ್ಲೇ ಕ್ಷಮೆ ಕೇಳಿದೆ. "ಒಳಗ್ ಬಾ, ಚಳೀಲಿ ಬಾಗ್ಲು ತೆಗೆದಿಟ್ಕೊಂಡು ಅಳ್ಬೇಡ" ಎಂದು ಎಳೆದುಕೊಂಡಳು. ನಿನ್ನ ವಿಷಯ ಯಾರಿಗೂ ಹೇಳುವುದಿಲ್ಲ ಎಂದಳು, ಹೇಳಲೂ ಇಲ್ಲ. ನಾನೂ ಹೇಳಲಿಲ್ಲ. ಆದರೆ ದೇವರ ಯೋಜನೆ ಬೇರೆ ಇತ್ತು.

ಬುಧವಾರ ಈಸ್ಟರಿನ ಮುಂಚಿನ ನಲವತ್ತು ದಿನ ಶುರುವಾಯಿತಲ್ಲ. ಬೆಳಗಿನ ಜಾವದ ಪ್ರಾರ್ಥನೆಗೆ ಚರ್ಚು ತುಂಬಿತ್ತು. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವಾಗ ಗೊತ್ತಲ್ಲ, ಪಕ್ಕದವರ ಕೂಗು ಪಕ್ಕದವರಿಗೆ ಕೇಳುವುದಿಲ್ಲ. ನಾನೂ ಕಣ್ಣು ಮುಚ್ಚಿ, ಎದೆ ಬಡಿದುಕೊಂಡು ನಿನಗಾಗಿ ಕೂಗುತ್ತಿದ್ದೆ. ಪಾಸ್ಟರ್ ಗಂಟೆ ಬಾರಿಸಿ ನಿಲ್ಲಿಸಿದ್ದು ನನಗೆ ತಿಳಿಯಲೇ ಇಲ್ಲ. ಎಲ್ಲರೂ ಸುಮ್ಮನಾದ ಮೇಲೆ ನನ್ನೊಬ್ಬಳ ದನಿ ಉಳಿಯಿತಂತೆ. "ನನ್ನ ದಾಸೊಲ್‌ನ ಹೊಟ್ಟೆಬಾಕತನದಿಂದ ಬಿಡಿಸು ತಂದೆ, ಮುಚ್ಚಿಟ್ಕೊಂಡು ತಿನ್ನೋದ್ರಿಂದ ಬಿಡಿಸು." ಇಡೀ ಚರ್ಚಿಗೇ ಕೇಳಿಸಿತು.

ನೀನು ಜನರಿಗೆ ಹೇಳಬೇಡ ಎಂದೆ. ನಾನು ಹೇಳಿದ್ದು ದೇವರಿಗೆ. ಅಲ್ಲಿ ಕೂತವರ ಕಿವಿಗೂ ಬಿತ್ತು, ಅದಕ್ಕೆ ಏನು ಮಾಡಲಿ?

ಆದರೆ ನೋಡು, ಯಾರೂ ನಗಲಿಲ್ಲ. ಹೆಂಗಸರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು. ನಲವತ್ತು ದಿನ ನಲವತ್ತು ಜನ, ದಿನಕ್ಕೊಬ್ಬರು ಮಧ್ಯಾಹ್ನದ ಊಟ ಬಿಟ್ಟು ನಿನಗಾಗಿ ಪ್ರಾರ್ಥಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಮೊದಲ ದಿನ ಮಾಲ್ಜಾ ಅಕ್ಕ. ಬೋಬೆ ದೊಡ್ಡ ಹಾಳೆಯಲ್ಲಿ ಬಣ್ಣದ ಪೆನ್ನಿನಿಂದ ಪಟ್ಟಿ ಮಾಡಿದ್ದಾಳೆ. ಮೇಲೆ "ನಮ್ಮ ದಾಸೊಲ್‌ಗಾಗಿ ಉಪವಾಸ" ಎಂದು ಬರೆದು, ನೀನು ಶಾಲೆಯ ಸಮವಸ್ತ್ರದಲ್ಲಿ ಹಾಡುತ್ತಿರುವ ಫೋಟೋ ಅಂಟಿಸಿದ್ದಾಳೆ. ಚಪ್ಪಲಿ ಬಿಡುವ ಜಾಗದ ಗೋಡೆಯ ಮೇಲಿದೆ. ಒಳಗೆ ಬರುವವರೆಲ್ಲ ನಿನ್ನ ಮುಖ ನೋಡಿಯೇ ಬರುತ್ತಾರೆ.

ನಿನ್ನಷ್ಟು ಪ್ರೀತಿ ಪಡೆದ ಮಗಳು ಈ ಊರಲ್ಲಿ ಇನ್ನೊಬ್ಬಳಿಲ್ಲ. ಧೈರ್ಯವಾಗಿರು.

ನಿನ್ನ ಅಮ್ಮ


ಗುನ್ಸಾನ್
14 ಮಾರ್ಚ್ 2017

ದಾಸೊಲ್,

ಕಾಗದ ತಲುಪಿತೆ? ಟಪಾಲಿನವನನ್ನು ನಿಲ್ಲಿಸಿ ಕೇಳಿದೆ, ಗುನ್ಸಾನಿನಿಂದ ಇಂಚಿಯೋನಿಗೆ ಎರಡೇ ದಿನ ಎಂದ.

ಕೋಪವೆ? ಕೋಪವಾದರೆ ಬೈದು ಬರೆ. ಬೈಗುಳಕ್ಕೆ ನಾನು ಹೆದರುವವಳಲ್ಲ.

ಅಮ್ಮ


ಗುನ್ಸಾನ್
21 ಮಾರ್ಚ್ 2017

ದಾಸೊಲ್,

ಫೋನು ಮಾಡಬೇಡ ಎಂದಿದ್ದೆ. ಮಾಡಿದೆ, ಸ್ವಿಚ್ ಆಫ್. ನಿನ್ನ ಲ್ಯಾಬಿಗೂ ಮಾಡಿದೆ. ಯಾರೋ ಹುಡುಗಿ, "ರಜೆ ಮೇಲಿದ್ದಾರೆ ಆಂಟಿ" ಎಂದಳು. ಏನು ರಜೆ ಎಂದರೆ, "ಅವರೇ ಹೇಳ್ತಾರೆ" ಎಂದಳು. ನಾಲ್ಕು ವರ್ಷದಲ್ಲಿ ಹಬ್ಬ ಬಿಟ್ಟು ಒಂದು ದಿನವೂ ರಜೆ ಹಾಕದವಳು ನೀನು. ಆ ಹುಡುಗಿಯ ದನಿಯಲ್ಲಿ ಏನೋ ಇತ್ತು.

ಅಂಗಡಿಯಲ್ಲಿ ಸಿಗಡಿಯ ಬದಲು ಬಂಗುಡೆ ಕಟ್ಟಿಕೊಟ್ಟು ಬೈಸಿಕೊಂಡೆ. ಬಸ್ಸು ಹತ್ತಿ ಬಂದುಬಿಡಲೆ ಎಂದು ಬೆಳಿಗ್ಗೆಯಿಂದ ಮೂರು ಸಲ ಚೀಲ ತುಂಬಿದೆ, ಮೂರು ಸಲ ಖಾಲಿ ಮಾಡಿದೆ. ನೀನು ಬಾಗಿಲು ತೆಗೆಯದಿದ್ದರೆ?

ಬದುಕಿದ್ದೇನೆ ಎಂದಾದರೂ ಬರೆ. ಒಂದೇ ಪದ.

ಅಮ್ಮ


ಇಂಚಿಯೋನ್
27 ಮಾರ್ಚ್ 2017

ಅಮ್ಮ,

ಬದುಕಿದ್ದೇನೆ.

ಪಟ್ಟಿಯ ಚಿತ್ರವನ್ನು ಬೋಬೆ ನನ್ನ ಫೋನಿಗೆ ಕಳಿಸಿದ್ದಳು. ಕೆಳಗೆ ನಲವತ್ತು ಹೆಸರು. ನನಗೆ ಒಂದನೇ ತರಗತಿ ಕಲಿಸಿದ ಟೀಚರು, ಕಾಲಿಲ್ಲದ ಆ ಅಜ್ಜಿ, ಸಕ್ಕರೆ ಕಾಯಿಲೆಯ ಬಟ್ಟೆ ಅಂಗಡಿಯವಳು. ಅವರೆಲ್ಲ ನನ್ನ ಹೆಸರಿನಲ್ಲಿ ಹಸಿದು ಕೂತಿರುವಾಗ ನಾನು ಹೇಗೆ ತಿನ್ನಲಿ? ನಾನೂ ಉಪವಾಸ ಶುರು ಮಾಡಿದೆ. ನಾಲ್ಕು ದಿನ ನೀರು ಬಿಟ್ಟರೆ ಏನೂ ಇಲ್ಲ. ಐದನೆಯ ದಿನ ಮಧ್ಯಾಹ್ನ ಲ್ಯಾಬಿನಿಂದ ಹೊರಗೆ ಬಂದು, ಸಿಕ್ಕಿದ್ದನ್ನೆಲ್ಲ ತಿಂದೆ. ಏನೇನು ಎಂದು ಬರೆಯುವುದಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡು, ಉಸಿರು ಸಿಗದೆ, ಲ್ಯಾಬಿನ ಮೆಟ್ಟಿಲ ಮೇಲೆ ಬಿದ್ದೆ. ಜೊತೆಯವರು ಆಸ್ಪತ್ರೆಗೆ ಹಾಕಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು ಎಂದರು ಡಾಕ್ಟರು. ಮನೆಯವರ ನಂಬರು ಕೇಳಿದಾಗ, ಯಾರೂ ಇಲ್ಲ ಎಂದೆ.

ನಿನಗೆ ಒಂದು ವಿಷಯ ಹೇಳಬೇಕು. ನಾನು ಹದಿನೇಳರಲ್ಲಿದ್ದಾಗ ಕಾಲೇಜು ಪರೀಕ್ಷೆಗೆಂದು ಪ್ರಾರ್ಥನೆ ಗುಡ್ಡಕ್ಕೆ ಕಳಿಸಿದೆಯಲ್ಲ, ಮೂರು ದಿನ ಉಪವಾಸ. ಇಳಿದು ಬಂದ ಸಂಜೆಯೇ ನೀನು ಚರ್ಚಿನಲ್ಲಿ ಎದ್ದು ನಿಂತು, "ನನ್ನ ಮಗಳು ಮೂರ್ ದಿನ ಒಂದ್ ಅಗುಳು ಮುಟ್ಲಿಲ್ಲ" ಎಂದು ಸಾಕ್ಷಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಗುಡ್ಡದ ಕೆಳಗಿನ ಬಸ್ ನಿಲ್ದಾಣದಲ್ಲಿ, ನನ್ನನ್ನು ಕರೆದೊಯ್ಯಲು ಬಂದ ನೀನು ಟಿಕೆಟ್ಟಿಗೆ ಹೋದಾಗ, ನಾನು ಹಿಂದಿನ ಅಂಗಡಿಯಲ್ಲಿ ಎಂಟು ಬನ್ನು ನುಂಗಿದ್ದೆ. ಮೊದಲ ಸಲ. ನೀನು ಸಾಕ್ಷಿ ಹೇಳುವಾಗ ನನ್ನ ಹೊಟ್ಟೆಯಲ್ಲಿ ಆ ಬನ್ನುಗಳಿದ್ದವು. ದೇವರು ನನ್ನ ಬಟ್ಟಲಿನೊಳಗೆ ಇಣುಕಿ ಅಗುಳು ಎಣಿಸುವವನು ಎಂದು ಅಂದಿನಿಂದ ನಂಬಿಕೊಂಡೆ.

ಹತ್ತು ವರ್ಷವಾಯಿತು. ಈಗ ಅದೇ ಉಪವಾಸ, ನಲವತ್ತು ಪಾಲು.

ಆ ಗೋಡೆಯ ಮೇಲೆ ನನ್ನ ಫೋಟೋ ಇರುವ ತನಕ ನನಗೆ ಬರೆಯಬೇಡ. ಬರಬೇಡ. ನಿಜವಾಗಿ ಹೇಳುತ್ತಿದ್ದೇನೆ.

ದಾಸೊಲ್


ಗುನ್ಸಾನ್
10 ಏಪ್ರಿಲ್ 2017

ಮಗು ದಾಸೊಲ್,

ನಾನು ಮಾಲ್ಜಾ ದೊಡ್ಡಮ್ಮ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಸಹಿಸಿಕೋ. ನಿನಗೆ ಬರೆಯಬಾರದೆಂದು ನಿನ್ನಮ್ಮನಿಗೆ ಆಜ್ಞೆಯಾಗಿದೆ, ನನಗೆ ಆಗಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಆಕೆಗೆ ಇದು ಗೊತ್ತಿಲ್ಲ.

ನಿನ್ನ ಕಾಗದ ಬಂದ ಮೇಲೆ ಸುನಿಮ್ ಹತ್ತು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಪಾಸ್ಟರ್ ಹತ್ತಿರ ಹೋಗಿ ಪಟ್ಟಿ ಇಳಿಸಿ ಎಂದು ಎರಡು ಸಲ ಕೇಳಿದಳು. ಈಸ್ಟರ್ ಮುಗಿಯಲಿ, ಮಧ್ಯದಲ್ಲಿ ಮುರಿಯಬಾರದು ಎಂದರು ಅವರು. ಅವರದೂ ತಪ್ಪಿಲ್ಲ, ನಮ್ಮಲ್ಲಿ ಹಾಗೇ ನಡೆದುಕೊಂಡು ಬಂದಿದೆ.

ನಿನ್ನೆ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ. ಆರಾಧನೆ ಮುಗಿದು, ಪ್ರಕಟಣೆ ಓದುವ ಹೊತ್ತಿಗೆ ನಿನ್ನಮ್ಮ ಎದ್ದು ಹೊರಗೆ ಹೋದಳು. ಪಟ್ಟಿಯನ್ನು ಗೋಡೆಯಿಂದ ಕಿತ್ತುಕೊಂಡು ಬಂದು ಎಲ್ಲರ ಎದುರು ನಿಂತಳು. "ಇನ್ ಆರೇ ದಿನ ಉಳಿದಿದೆ ತಾಯಿ" ಎಂದರು ಪಾಸ್ಟರ್.

"ಆರು ದಿನಾನೂ ಬೇಡ ಪಾಸ್ಟರ್" ಎಂದಳು. "ನೀವೆಲ್ಲ ಒಳ್ಳೇ ಮನಸ್ಸಿಂದ ಊಟ ಬಿಟ್ರಿ. ನಿಮ್ ಮೇಲೆ ನಂದೇನೂ ಇಲ್ಲ. ಆದ್ರೆ ನೀವು ಊಟ ಬಿಟ್ಟಿದ್ದಕ್ಕೆ ನನ್ ಮಗಳೂ ಬಿಟ್ಲು. ಬಿಟ್ಟು ಆಸ್ಪತ್ರೆ ಸೇರಿದ್ಲು. ಅವಳಿಗಿರೋ ಕಾಯಿಲೆ ಉಪವಾಸದಿಂದ್ಲೇ ಶುರುವಾಗೋದು. ನಂಗೆ ಗೊತ್ತಿರ್ಲಿಲ್ಲ."

ಆಮೇಲೆ ಪಟ್ಟಿ ಮಡಚಿ ಕಂಕುಳಲ್ಲಿಟ್ಟುಕೊಂಡಳು. ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ.

"ಇನ್ನೊಂದಿದೆ. ಅವತ್ತು ಪಾಸ್ಟರ್ ಗಂಟೆ ಬಾರಿಸಿದ್ದು ನಂಗೆ ಕೇಳ್ಸಿತ್ತು. ಎಲ್ರೂ ನಿಲ್ಸಿದ್ದೂ ಗೊತ್ತಾಗಿತ್ತು. ಗೊತ್ತಿದ್ದೇ ಕೂಗ್ದೆ. ಮಗಳು ಯಾರಿಗೂ ಹೇಳ್ಬೇಡ ಅಂದಿದ್ಲು. ನಂಗೆ ಒಬ್ಳೇ ಹೊತ್ಕೊಳ್ಳೋಕೆ ಆಗ್ಲಿಲ್ಲ. ಎಂಥ ತಾಯಿ ಪಾಪ, ಎಷ್ಟು ಅಳ್ತಾಳೆ ಅಂತ ನೀವೆಲ್ಲ ನೋಡ್ಲಿ ಅಂತಾನೂ ಇತ್ತು. ದೇವರ ಹೆಸ್ರು ಹೇಳ್ಕೊಂಡು ಮಗಳ ಮಾನ ಬೀದಿಗಿಟ್ಟೆ. ಮಾಲ್ಜಾ ಅಕ್ಕನ್ನ ನಿಮ್ಮೆಲ್ಲರ ಎದುರು ಕಳ್ಳಿ ಮಾಡ್ದೆ, ಕ್ಷಮೆ ಮಾತ್ರ ಅವಳ ಮನೇಗ್ ಹೋಗಿ ಯಾರಿಗೂ ಕಾಣದ ಹಾಗೆ ಕೇಳ್ದೆ. ಕಡುಬು ಅವಳು ತಗೊಂಡಿಲ್ಲ. ಯಾರು ತಗೊಂಡ್ರು ಅಂತ ಕೇಳ್ಬೇಡಿ."

ನಿನ್ನಮ್ಮ ಹೇಗೆಂದು ನನಗೆ ನಲವತ್ತು ವರ್ಷದಿಂದ ಗೊತ್ತು. ಉಪ್ಪು ಜಾಸ್ತಿಯಾದರೂ ಉಪ್ಪಿನದೇ ತಪ್ಪು ಎನ್ನುವವಳು. ಅವಳು ಹಾಗೆ ನಿಂತದ್ದು ನೋಡಿ ನನಗೆ ತಡೆಯಲಾಗಲಿಲ್ಲ. "ಸರಿ ಬಿಡು ಸುನಿಮ್, ನಾಳೆ ಬಟ್ಟೆ ಅಂಗಡಿಯವಳ ಬದ್ಲು ಮತ್ತೆ ನಂದೇ ಸರದಿ ಇತ್ತು, ನಂಗೂ ಉಪವಾಸ ಅಂದ್ರೆ ತಲೆ ಸುತ್ತತ್ತೆ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು. ಪಾಸ್ಟರ್ ಕೂಡ.

ನಿನ್ನ ಫೋಟೋ ಈಗ ನನ್ನ ಹತ್ತಿರ ಇದೆ. ಭದ್ರವಾಗಿದೆ. ನೀನು ಕೇಳಿದರೆ ಕಳಿಸುತ್ತೇನೆ, ಸುಡು ಎಂದರೆ ಸುಡುತ್ತೇನೆ.

ಕಡುಬಿನ ವಿಷಯಕ್ಕೆ ನನಗೆ ನಿನ್ನ ಮೇಲೆ ಕೋಪವಿತ್ತು. ಎರಡು ವಾರ ಇತ್ತು. ಈಗಿಲ್ಲ.

ಮಾಲ್ಜಾ


ಇಂಚಿಯೋನ್
8 ಮೇ 2017

ಅಮ್ಮ,

ಇಂದು ತಂದೆತಾಯಿಯರ ದಿನ. ಲ್ಯಾಬಿನ ಎದುರು ಕೆಂಪು ಹೂ ಮಾರುತ್ತಿದ್ದಾರೆ. ಕೊಂಡೆ, ಆದರೆ ಕಳಿಸಿದರೆ ಬಾಡುತ್ತದೆ, ನನ್ನ ಮೇಜಿನ ಮೇಲಿಟ್ಟಿದ್ದೇನೆ.

ಮಾಲ್ಜಾ ದೊಡ್ಡಮ್ಮ ಬರೆದಿದ್ದರು. ಗಂಟೆಯ ವಿಷಯ ಓದಿ ಕಾಗದ ಮಡಚಿಟ್ಟೆ. ಮೂರು ವಾರ ಮುಟ್ಟಲಿಲ್ಲ. ನೀನು ಕೇಳಿಸಿಕೊಳ್ಳದೆ ಕೂಗಿದ್ದರೆ ಕ್ಷಮಿಸುವುದು ಸುಲಭವಿತ್ತು. ಆದರೆ ಕೇಳಿಸಿತ್ತು ಎಂದು ಹೇಳಲು ನಿನ್ನ ಮೇಲೆ ಯಾರ ಒತ್ತಾಯವೂ ಇರಲಿಲ್ಲ. ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಕ್ಷಮಿಸಿದ್ದೇನೆಯೆ ಎಂದು ಕೇಳಬೇಡ.

ಆಸ್ಪತ್ರೆಯಲ್ಲಿ ಊಟದ ತಟ್ಟೆ ಹಂಚುವ ಸೋನ್ಹಿ ಎಂಬ ಅಕ್ಕ ಇದ್ದಾರೆ. ನಾನು ತಟ್ಟೆಯ ಮುಚ್ಚಳವನ್ನೇ ತೆಗೆಯದೆ ಹಿಂದಿರುಗಿಸುವುದನ್ನು ನೋಡಿ, ಒಂದು ದಿನ ಮಂಚದ ತುದಿಯಲ್ಲಿ ಕೂತು, "ನಾಳೆಯಿಂದ ಬಿಡ್ತೀನಿ ಅಂತ ಎಷ್ಟ್ ಸಲ ಅಂದಿದ್ಯಾ?" ಎಂದರು. ನಾನು ಬೆಚ್ಚಿಬಿದ್ದೆ. "ನಾನು ಹನ್ನೊಂದ್ ವರ್ಷ ಅಂದೆ" ಎಂದರು. ಅವರ ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮಂಥವರು ನಾಲ್ವರು ಮಂಗಳವಾರ, ಶುಕ್ರವಾರ ಒಟ್ಟಿಗೆ ಊಟ ಮಾಡುತ್ತೇವೆ. ಡಾಕ್ಟರ ಹತ್ತಿರವೂ ಹೋಗುತ್ತೇವೆ, ಹೋಗಲೇಬೇಕೆಂಬುದು ಸೋನ್ಹಿ ಅಕ್ಕನ ಕಟ್ಟಳೆ. ಯಾರ ಬಟ್ಟಲನ್ನು ಯಾರೂ ನೋಡುವುದಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಯಾರೂ ಏಳುವುದಿಲ್ಲ. ಆ ಅರ್ಧ ಗಂಟೆಯೇ ಕಷ್ಟ. ಬೆವರುತ್ತೇನೆ. ಅವರು ಹಾಡುತ್ತಾರೆ, ಶ್ರುತಿ ಸ್ವಲ್ಪವೂ ಇಲ್ಲ.

ನಾನು ಅಲ್ಲಿ ಕಂಡುಕೊಂಡದ್ದು ಒಂದೇ. ಚಿಕ್ಕಂದಿನಿಂದ ದಿನಾ ಹೇಳುವ ಪ್ರಾರ್ಥನೆಯಲ್ಲಿ ನಾವು ಇಂದಿನ ಊಟವನ್ನಷ್ಟೇ ಕೇಳುತ್ತೇವಲ್ಲ ಅಮ್ಮ, ನಾಳೆಯದನ್ನು ಕೇಳುವುದಿಲ್ಲ. ನಾನು ಯಾವಾಗಲೂ ನಾಳೆಯಿಂದ ಉಪವಾಸ ಎಂದುಕೊಳ್ಳುತ್ತಿದ್ದೆ. ಆ ಭಯಕ್ಕೇ ಇವತ್ತೇ ಎಲ್ಲವನ್ನೂ ತುಂಬಿಕೊಳ್ಳುತ್ತಿದ್ದೆ. ನಾಳೆಯೂ ಊಟ ಇದೆ, ನಾಳೆಯೂ ದೇವರು ಕೊಡುತ್ತಾನೆ ಎಂದು ಹೊಟ್ಟೆಗೆ ನಂಬಿಕೆ ಬರಬೇಕು. ಬಾಯಿಗೆ ಬಂದಷ್ಟು ಸುಲಭವಾಗಿ ಹೊಟ್ಟೆಗೆ ಬರುವುದಿಲ್ಲ.

ಕಳೆದ ಶನಿವಾರ ಮತ್ತೆ ಬಿದ್ದೆ. ಎರಡು ಅಂಗಡಿ. ನಿನಗೆ ಮುಚ್ಚಿಡುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಎದ್ದು, ಯಾವ ಆಣೆಯೂ ಇಡದೆ, ಒಂದು ಬಟ್ಟಲು ಗಂಜಿ ಮಾಡಿಕೊಂಡು ಕುಡಿದೆ. ಶಿಕ್ಷೆಯೆಂದು ಊಟ ಬಿಡದ ಮೊದಲ ಬೆಳಗು ಅದು. ಇಡೀ ದಿನ ಏನೋ ತಪ್ಪು ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆಯವರೆಗೂ ಏನೂ ಆಗಲಿಲ್ಲ.

ಬಾರ್ಲಿ ಸುಗ್ಗಿಯ ಕೃತಜ್ಞತಾ ಭಾನುವಾರಕ್ಕೆ ಬರಬೇಕೆಂದಿದ್ದೇನೆ. ಬರುತ್ತೇನೆ ಎಂದು ಮಾತು ಕೊಡುವುದಿಲ್ಲ. ಬಂದರೆ, ಯಾರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬಾರದು.

ಫೋಟೋ ದೊಡ್ಡಮ್ಮನ ಹತ್ತಿರವೇ ಇರಲಿ.

ನಿನ್ನ ದಾಸೊಲ್


ಗುನ್ಸಾನ್
3 ಜುಲೈ 2017

ದಾಸೊಲ್,

ನಿನ್ನೆ ನೀನು ಬಸ್ಸು ಹತ್ತಿದ ಮೇಲೆ ಬರೆಯಲು ಕೂತೆ, ಆಗಲಿಲ್ಲ. ಇಂದು ಅಂಗಡಿಯನ್ನು ನಿನ್ನಪ್ಪನ ಮೇಲೆ ಬಿಟ್ಟು ಬಂದಿದ್ದೇನೆ. ಮೀನಿನ ಗತಿ ದೇವರಿಗೇ ಗೊತ್ತು.

ನೀನು ಬರುತ್ತೀಯೆಂದು ಒಂದು ವಾರ ಮೊದಲೇ ಚರ್ಚಿನ ಅಡುಗೆಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದ್ದೆ. "ಅವಳನ್ನ ನೋಡ್ಬೇಡಿ. ನೋಡ್ದೇ ಇದ್ದೀವಿ ಅಂತ ಗೊತ್ತಾಗೋ ಹಾಗೆ ನೋಡ್ದೇ ಇರ್ಬೇಡಿ." ಮಾಲ್ಜಾ ಅಕ್ಕ ಈಳಿಗೆ ಕೆಳಗಿಟ್ಟು, "ಹಾಗಾದ್ರೆ ಕಣ್ಣು ಎಲ್ಲಿಡ್ಲಿ, ಫ್ರಿಜ್ಜಲ್ಲಾ?" ಎಂದಳು. ಬೋಬೆ ಹೆದರಿ ನಿನ್ನ ಎದುರಿಗೇ ಬರಲಿಲ್ಲ, ಕೊನೆಗೆ ನೀನೇ ಹೋಗಿ ಅವಳ ಜಡೆ ಎಳೆದೆ. ನಾನು ಕಂಬದ ಹಿಂದಿನಿಂದ ನೋಡಿದೆ.

ಊಟಕ್ಕೆ ನೀನು ನನ್ನ ಎದುರು ಕೂತೆ. ನಾನು ಕರೆಯಲಿಲ್ಲ, ನೀನೇ ಬಂದು ಕೂತೆ. ಬಾರ್ಲಿ ಅನ್ನ, ಎಳೆ ಮೂಲಂಗಿಯ ಕಿಮ್ಚಿ, ಬೀನ್ಸಿನ ಸಾರು. ನೀನು ತಲೆ ಬಗ್ಗಿಸಿ ಪ್ರಾರ್ಥಿಸಿದೆ, ಬೇಗ ಮುಗಿಸಿದೆ. ಏನು ಹೇಳಿದೆ ಎಂದು ಕೇಳಲು ನಾಲಿಗೆ ಚಡಪಡಿಸಿತು, ಕಚ್ಚಿಕೊಂಡೆ. ನೀನು ತಿಂದೆ. ಅವಸರವಿಲ್ಲದೆ, ಮಾಲ್ಜಾ ಅಕ್ಕನ ಮೊಮ್ಮಗಳ ಹಲ್ಲಿನ ವಿಷಯ ಮಾತಾಡುತ್ತಾ ತಿಂದೆ. ನಿನ್ನ ಚಮಚ ಬಟ್ಟಲಿಗೆ ಹೋದಾಗಲೆಲ್ಲ ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ನನ್ನ ಮುಂದಿನ ಸಾರು ಆರಿ ತಣ್ಣಗಾದದ್ದು ಗೊತ್ತಾಗಲಿಲ್ಲ.

ಆಮೇಲೆ ನೀನು ಚಮಚ ಕೆಳಗಿಟ್ಟೆ. ಬಟ್ಟಲಿನಲ್ಲಿ ಇನ್ನೂ ನಾಲ್ಕು ತುತ್ತು ಅನ್ನವಿತ್ತು.

ನಮ್ಮ ಮನೆಯಲ್ಲಿ ಬಟ್ಟಲಿನಲ್ಲಿ ಅನ್ನ ಬಿಟ್ಟವರಿಲ್ಲ ದಾಸೊಲ್. ನನ್ನ ಅಜ್ಜಿ ಯುದ್ಧದ ವರ್ಷಗಳಲ್ಲಿ ಹೊಟ್ಟಿನ ಗಂಜಿ ಕುಡಿದು ನನ್ನಮ್ಮನನ್ನು ಸಾಕಿದವಳು. ಅನ್ನ ಬಿಟ್ಟರೆ ಅಮ್ಮ ಕೈಗೆ ಹೊಡೆಯುತ್ತಿದ್ದಳು, ನಾನು ನಿನಗೆ ಹೊಡೆದಿದ್ದೇನೆ. ಅಡುಗೆಮನೆಯಲ್ಲಿ ಮೂವತ್ತು ವರ್ಷ ನಿಂತು, ಬಟ್ಟಲು ಖಾಲಿ ಮಾಡದೆ ಎದ್ದ ಮಕ್ಕಳನ್ನೆಲ್ಲ ಮತ್ತೆ ಕೂರಿಸಿದ್ದೇನೆ. ನಿನ್ನೆಯೂ ಬಾಯಿ ತೆರೆದೆ. ಆ ನಾಲ್ಕು ತುತ್ತಿನ ಮೇಲೆಯೇ ನನ್ನ ಕಣ್ಣಿತ್ತು. ನೀನು ನೋಡಿದೆ. ಹೆದರಿದ ಮುಖವಲ್ಲ ಅದು. ನಾನು ಏನು ಮಾಡುತ್ತೇನೆ ಎಂದು ಕಾಯುವ ಮುಖ.

"ಸಾಕಮ್ಮ. ಹೊಟ್ಟೆ ತುಂಬ್ತು" ಎಂದೆ ನೀನು.

ನಾನು ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಬಚ್ಚಲ ಹತ್ತಿರ ನಿಂತು ಆ ಅನ್ನ ನೋಡಿದೆ. ಅಭ್ಯಾಸ ಬಲದಿಂದ ನನ್ನ ಬಾಯಿಗೇ ಹಾಕಿಕೊಳ್ಳಲು ಹೊರಟೆ, ಅದನ್ನೂ ಬಿಟ್ಟೆ. ಹಂದಿಗಳಿಗೆಂದು ಇಟ್ಟ ಬಕೆಟ್ಟಿಗೆ ಸುರಿದು ಬಟ್ಟಲು ತೊಳೆದೆ. ತೋಳಿನಿಂದ ಕಣ್ಣೊರೆಸಿಕೊಂಡೆ. ಮಾಲ್ಜಾ ಅಕ್ಕ ಬಂದು ಏನಾಯ್ತೆ ಎಂದಳು, ಮೆಣಸಿನಕಾಯಿ ಕಣ್ಣಿಗೆ ಬಿತ್ತು ಎಂದೆ. ನಿನ್ನ ವಿಷಯ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ, ಗಟ್ಟಿಯಾಗಿ ಪ್ರಾರ್ಥಿಸಲೂ ಇಲ್ಲ.

ನಾಳೆ ಏನಾಗುತ್ತದೋ ಎಂಬ ಹೆದರಿಕೆ ನನಗೆ ಹೋಗಿಲ್ಲ. ಇನ್ನೊಂದು ಶನಿವಾರ ಬರಬಹುದು, ಬಂದರೆ ಬರೆ. ಬೈಯುವುದಿಲ್ಲ.

ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ನಿಂತುಕೊಂಡು, ನನ್ನ ಮಗಳು ಅನ್ನ ಬಿಟ್ಟಳು ತಂದೆ, ನಿನಗೆ ಸ್ತೋತ್ರ ಎಂದೆ.

ನಿನ್ನ ಅಮ್ಮ